ಹೊಸದಾಗಿ ಶುರುಮಾಡುವವರಿಗೆ ಯಾವ ಕನ್ನಡ ಬೈಬಲ್? ಕಾಸರಗೋಡಿನ ಓದುಗರಿಗೊಂದು ವಿಮರ್ಶೆ

ಕಾಸರಗೋಡು ಪೇಟೆಯಲ್ಲಿ ಬೈಬಲ್ ಕೇಳಿದರೆ ಸುಲಭದಲ್ಲಿ ಸಿಗುವುದು ಮಲಯಾಳದ್ದು. ಕನ್ನಡ ಶಾಲೆಯಲ್ಲಿ ಕಲಿತು ಮನೆಯಲ್ಲಿ ಕೊಂಕಣಿಯೋ ತುಳುವೋ ಆಡುವವರು ಕನ್ನಡದ್ದೇ ಬೇಕೆಂದರೆ ರೈಲು ಹತ್ತಿ ಮಂಗಳೂರಿಗೆ ಹೋಗಬೇಕು, ಇಲ್ಲವೇ ಇಗರ್ಜಿಯಲ್ಲಿ ಹೇಳಿ ತರಿಸಬೇಕು. ಗಲ್ಫ್ ಬಿಟ್ಟು ಊರಿಗೆ ಬಂದವರು, ಕುಡಿತ ಬಿಟ್ಟವರು, ಸಂಸಾರ ಮುರಿದು ಒಂಟಿಯಾದವರು, ವರ್ಷಗಟ್ಟಲೆ ಇಗರ್ಜಿಯ ಮೆಟ್ಟಿಲು ಹತ್ತದವರು ಹೀಗೆ ಹುಡುಕಿಕೊಂಡು ಹೋಗುತ್ತಾರೆ. ಹೆಚ್ಚಿನವರು ಹೊದಿಕೆ ನೋಡಿ ಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ಪುಸ್ತಕ ಮೊಂಬತ್ತಿ ಸ್ಟ್ಯಾಂಡಿನ ಪಕ್ಕ ಅಲಂಕಾರವಾಗುತ್ತದೆ. ತಪ್ಪು ಓದುವವರದ್ದಲ್ಲ, ಆಯ್ಕೆಯದ್ದು.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಕನ್ನಡ ಪಠ್ಯಗಳಿವೆ, ಎರಡೂ ಬೈಬಲ್ ಸೊಸೈಟಿಯವು. ಒಂದು ‘ಸತ್ಯವೇದವು’, ಹಳೆಯ ಅನುವಾದ. ಇನ್ನೊಂದು ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಎಂದು ಕರೆಯುವ, ಆಡುಮಾತಿಗೆ ಹತ್ತಿರದ ಹೊಸ ಅನುವಾದ. ಹಳೆಯದರ ಹಿಂದೆ ಉದ್ದದ ಪರಂಪರೆಯಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಗಿಸಿದ ಕನ್ನಡ ಬೈಬಲ್ 1831ರಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮುಖ್ಯವಾಗಿ ವೈಗಲ್, ಮುಂದೆ ಅದನ್ನು ತಿದ್ದುವ ಕೆಲಸಕ್ಕೆ ಕೈಹಾಕಿದರು. ತುಳು ಹೊಸ ಒಡಂಬಡಿಕೆಯೂ 1847ರಲ್ಲಿ ಕನ್ನಡ ಲಿಪಿಯಲ್ಲೇ ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಕಡೆಯವರಿಗೆ ಇದು ಪರವೂರಿನ ಪುಸ್ತಕವಲ್ಲ.

ಎರಡರ ವ್ಯತ್ಯಾಸ ಗೊತ್ತಾಗಲು ಒಂದೇ ವಚನ ಸಾಕು: ಮತ್ತಾಯ 3:2. ಸ್ನಾನಿಕ ಯೋಹಾನ ಜನರನ್ನು ಕರೆಯುವ ಮಾತು. ಮೂಲ ಗ್ರೀಕಿನಲ್ಲಿರುವ ಕ್ರಿಯಾಪದ ‘ಮೆತನೊಯೆಯೊ’ ಎಂದರೆ ಮನಸ್ಸು ಮಗ್ಗುಲು ಬದಲಿಸುವುದು. ಹಳೆಯ ಅನುವಾದ ಇದನ್ನು ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎನ್ನುತ್ತದೆ. ಸಿ.ಎಲ್. ‘ಪಾಪಕ್ಕೆ ವಿಮುಖರಾಗಿ, ದೇವರಿಗೆ ಅಭಿಮುಖರಾಗಿ’ ಎಂದು ಬಿಡಿಸುತ್ತದೆ. ಎರಡರಲ್ಲೂ ಅಳು, ಗೋಳು, ಎದೆ ಬಡಿತ ಇಲ್ಲ. ಇರುವುದು ದಿಕ್ಕು. ಹೊಸದಾಗಿ ಬದುಕಬೇಕೆಂದು ಬಂದವರು ಮೊದಲು ತಿಳಿಯಬೇಕಾದ್ದು ಇದೇ: ಕೇಳುತ್ತಿರುವುದು ಪಶ್ಚಾತ್ತಾಪದ ಭಾವನೆಯನ್ನಲ್ಲ, ಕಾಲು ತಿರುಗಿಸುವುದನ್ನು. ಈ ಒಂದು ಕಡೆ ಹಳೆಯ ಅನುವಾದಕ್ಕೆ ಹೆಚ್ಚು ಅಂಕ. ‘ತಿರುಗಿಕೊಳ್ಳಿ’ ಎಂಬುದು ಮನೆಮಾತು. ‘ವಿಮುಖ, ಅಭಿಮುಖ’ ಕಿವಿಗೆ ಚಂದ, ಆದರೆ ಶಾಲೆ ಬಿಟ್ಟು ಮೂವತ್ತು ವರ್ಷವಾದವರು ಒಂದು ಗಳಿಗೆ ನಿಲ್ಲುತ್ತಾರೆ.

ಉಳಿದ ಹೆಚ್ಚಿನ ಕಡೆ ತಕ್ಕಡಿ ಸಿ.ಎಲ್. ಕಡೆಗೇ ವಾಲುತ್ತದೆ. ಹಳೆಯದರಲ್ಲಿ ವಾಕ್ಯ ಉದ್ದ, ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಮರೆತಿರುತ್ತದೆ. ಪದಗಳೂ ಬೇರೆ: ಹಳೆಯದರ ‘ಯೆಹೋವ’ ಹೊಸದರಲ್ಲಿ ‘ಸರ್ವೇಶ್ವರ’, ‘ಸುವಾರ್ತೆ’ ‘ಶುಭಸಂದೇಶ’, ‘ಯೋಹಾನ’ ‘ಯೊವಾನ್ನ’, ‘ಅಪೊಸ್ತಲರ ಕೃತ್ಯಗಳು’ ‘ಪ್ರೇಷಿತರ ಕಾರ್ಯಕಲಾಪಗಳು’. ಇಲ್ಲಿಯೇ ಹೆಚ್ಚಿನವರು ಎಡವುವುದು. ಕಥೋಲಿಕ ಬಲಿಪೂಜೆಯಲ್ಲಿ, ಅಂದರೆ ಮೀಸ್‌ನಲ್ಲಿ, ಕೇಳುವುದು ಶುಭಸಂದೇಶ, ಕೈಯಲ್ಲಿರುವುದು ಸುವಾರ್ತೆ. ಪುಟ ಹುಡುಕುವಷ್ಟರಲ್ಲಿ ವಾಚನ ಮುಗಿದಿರುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಭಾನುವಾರ ಎಲ್ಲಿ ಕೂರುತ್ತೀರಿ ಎಂದು ತೀರ್ಮಾನಿಸಿ. ಬೇಳ, ಮಂಜೇಶ್ವರದಂಥ ಮಂಗಳೂರು ಧರ್ಮಪ್ರಾಂತ್ಯದ ಇಗರ್ಜಿಗಳಿಗೆ ಹೋಗುವವರಿಗೆ ಸಿ.ಎಲ್., ಅದೂ 73 ಪುಸ್ತಕಗಳ ಆವೃತ್ತಿ. ತೋಬಿತ, ಯೂದಿತ, ಸಿರಾಕ, ಬಾರೂಕ ಮುಂತಾದ ಏಳು ಪುಸ್ತಕಗಳಿವೆಯೇ ಎಂದು ವಿಷಯಸೂಚಿಯಲ್ಲಿ ನೋಡಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ 66 ಪುಸ್ತಕ, ಹೆಚ್ಚಾಗಿ ಹಳೆಯ ಅನುವಾದ. ಮೀಸ್ ಪೂರ್ತಿ ಕೊಂಕಣಿಯಲ್ಲಿದ್ದರೆ ಕನ್ನಡ ಲಿಪಿಯ ಕೊಂಕಣಿ ಬೈಬಲನ್ನೂ ಒಮ್ಮೆ ತೆರೆದು ನೋಡಿ. ಪ್ರಾರ್ಥನೆಯ ಭಾಷೆ ಮನೆಯದ್ದಾಗಿದ್ದರೆ ಓದಿನ ಭಾಷೆಯೂ ಅದೇ ಇರಲಿ.

ಸಿ.ಎಲ್. ಕೀರ್ತನೆಗಳನ್ನು ಪ್ರಾಸ ಹಿಡಿದು ಪದ್ಯದ ಲಯದಲ್ಲಿ ಕೊಡುತ್ತದೆ. ಹಾಡಲು ಒಳ್ಳೆಯದು. ದುಃಖದಲ್ಲಿ ಒಬ್ಬರೇ ಓದುವಾಗ ಮಾತ್ರ ಪ್ರಾಸ ಅಡ್ಡ ಬರುತ್ತದೆ. ಪಾಪಕ್ಕೆ ಕ್ಷಮೆ ಬೇಡುವ 51ನೇ ಕೀರ್ತನೆಯನ್ನಂತೂ ಹಳೆಯದರಲ್ಲೇ ಓದಬೇಕು. ಇದಕ್ಕೆಂದು ಎರಡನೇ ಪುಸ್ತಕ ಕೊಳ್ಳುವುದು ಬೇಡ, ಮೊಬೈಲಿನ ಯೂವರ್ಶನ್ ಆ್ಯಪಿನಲ್ಲಿ ಕನ್ನಡ ಅನುವಾದಗಳು ಪುಕ್ಕಟೆ ಸಿಗುತ್ತವೆ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು. ಆದರೆ ದಿನದ ಓದಿಗೆ ಮೊಬೈಲ್ ಬೇಡ. ಮೂರನೇ ವಚನಕ್ಕೆ ವಾಟ್ಸಾಪ್ ಬರುತ್ತದೆ.

ಇನ್ನು ಓದುವ ಕ್ರಮ. ಪುಸ್ತಕದ ಮೊದಲ ಪುಟದಿಂದ ಶುರುಮಾಡಿದವರು ಆದಿಕಾಂಡ ದಾಟುತ್ತಾರೆ. ವಿಮೋಚನಕಾಂಡ 25ರಿಂದ ಗುಡಾರದ ಅಳತೆ, ಮರ, ಪರದೆ, ಕೊಂಡಿಗಳ ಲೆಕ್ಕ ಶುರುವಾಗುತ್ತದೆ. ಹೇಗೋ ಅದನ್ನು ದಾಟಿದವರು ಯಾಜಕಕಾಂಡದಲ್ಲಿ ಕೂತುಬಿಡುತ್ತಾರೆ. ‘ವರ್ಷದಲ್ಲಿ ಇಡೀ ಬೈಬಲ್’ ಎಂಬ ಪಟ್ಟಿಯೂ ಹೊಸಬರಿಗೆ ಆಗದು. 66 ಪುಸ್ತಕಗಳಲ್ಲೇ 1,189 ಅಧ್ಯಾಯ, ದಿನಕ್ಕೆ ಮೂರರ ಮೇಲೆ. ಮೂರು ದಿನ ಮದುವೆಮನೆಗೆ ಹೋಗಿ ಬಂದರೆ ಒಂಬತ್ತರ ಮೇಲೆ ಬಾಕಿ, ಆಮೇಲೆ ಓದು ಸಾಲದಂತೆ ಕಾಡುತ್ತದೆ.

ಮಾರ್ಕನಿಂದ ಶುರುಮಾಡಿ. 16 ಅಧ್ಯಾಯ, ದಿನಕ್ಕೊಂದು, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ. ಆಮೇಲೆ ಲೂಕ, 24 ದಿನ. ಲೂಕ 15ರಲ್ಲಿ ಮನೆ ಬಿಟ್ಟು ಹೋದ ಮಗ ವಾಪಸು ಹೊರಡುವ ಮೊದಲೇ ಹೇಳಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಾನೆ. ‘ನನ್ನನ್ನು ಕೂಲಿಯವನಂತೆ ಇಟ್ಟುಕೋ’ ಎಂಬುದು ಅದರ ಕೊನೆಯ ಸಾಲು. ಅಪ್ಪನೆದುರು ಆ ಸಾಲು ಬಾಯಿಂದ ಹೊರಡುವುದೇ ಇಲ್ಲ, ಅಷ್ಟರಲ್ಲಿ ಅಪ್ಪ ಅಂಗಿ ತರಿಸುತ್ತಾನೆ. 18, 19ನೇ ವಚನಗಳನ್ನು 21ರ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ಲೂಕ 19ರ ಜಕ್ಕಾಯನದು ಇದರ ಮತ್ತೊಂದು ಮುಖ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಕ್ಷಮೆ ಪುಕ್ಕಟೆ, ಲೆಕ್ಕ ಚುಕ್ತಾ ಮಾಡುವುದು ಬೇರೆ ಕೆಲಸ. ಬಹುಕಾಲದ ಮೇಲೆ ಕುಮ್ಸಾರಿಗೆ (ಪಾಪನಿವೇದನೆಗೆ) ಹೋಗುವ ಕಥೋಲಿಕರು ಈ ಎರಡು ಅಧ್ಯಾಯ ಓದಿ ಹೋಗಲಿ. ಭಾನುವಾರ ಮೀಸ್ ಶುರುವಾಗಲು ಐದು ನಿಮಿಷ ಇರುವಾಗ ಬೇಡ, ವಾರದ ದಿನ ಫಾದರಲ್ಲಿ ಸಮಯ ಕೇಳಿ. ಎಷ್ಟು ವರ್ಷವಾಯಿತು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಅವರೇ ನಡೆಸಿಕೊಡುತ್ತಾರೆ.

ಭಾನುವಾರದ ವಾಚನ ಹುಡುಕುವವರಿಗೊಂದು ಸುಲಭ ಲೆಕ್ಕ. ಕಥೋಲಿಕ ವಾಚನ ಮೂರು ವರ್ಷದ ಚಕ್ರ. ಇಸವಿ ಮೂರರಿಂದ ನಿಶ್ಶೇಷವಾಗಿ ಭಾಗವಾದರೆ ಆ ವರ್ಷ ಲೂಕ, ಮರುವರ್ಷ ಮತ್ತಾಯ, ಅದರ ಮರುವರ್ಷ ಮಾರ್ಕ. ಹೊಸ ವಾಚನವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ.

ಹೊಸ ವರ್ಷದ ವಾಗ್ದಾನ ಕಾರ್ಡುಗಳ ಬಗ್ಗೆ ಒಂದು ತಕರಾರು ಇದೆ. ಅವುಗಳಲ್ಲಿ ಮತ್ತೆಮತ್ತೆ ಬರುವುದು ಯೆರೆಮೀಯ 29:11, ಒಳ್ಳೆಯ ಭವಿಷ್ಯ ಕೊಡುತ್ತೇನೆಂಬ ಮಾತು. ಅದರ ಹಿಂದಿನ ವಚನವನ್ನು ಕಾರ್ಡಿನಲ್ಲಿ ಹಾಕುವುದಿಲ್ಲ, ಅಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು. ಐದನೇ ವಚನದಲ್ಲಿ ಮನೆ ಕಟ್ಟಿ, ತೋಟ ಮಾಡಿ, ಫಲ ತಿನ್ನಿ ಎಂದಿದೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಡನ್ನು ಪುಟಗುರುತಾಗಿ ಆ ಅಧ್ಯಾಯದಲ್ಲೇ ಇಡಿ.

ಕೊನೆಗೆ ಪುಸ್ತಕದ ಮೈಕಟ್ಟು. ಜೇಬಿನ ಗಾತ್ರದ ಕನ್ನಡ ಬೈಬಲ್ ಕೊಳ್ಳಬೇಡಿ. ಇಂಗ್ಲಿಷಿಗೆ ಆ ಗಾತ್ರ ನಡೆಯುತ್ತದೆ, ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಣ್ಣ ಅಚ್ಚಿನಲ್ಲಿ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಚಾಚಿದ ಕೈಯಲ್ಲಿ ಹಿಡಿದು ಕೀರ್ತನೆ 51 ಓದಲು ಬಂದರೆ ಅದು ನಿಮ್ಮ ಗಾತ್ರ. ಜಿಪ್ ಹೊದಿಕೆ ಬೇಸಗೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದಿಡಿ, ಇಲ್ಲದಿದ್ದರೆ ಒಳಗಿನ ತೇವಕ್ಕೆ ತೆಳು ಹಾಳೆಗಳು ಅಲೆಅಲೆಯಾಗಿ ಬೂಸ್ಟು ಹಿಡಿಯುತ್ತವೆ. ಗುರುತು ಹಾಕಲು ಪೆನ್ಸಿಲ್ ಮಾತ್ರ, ಜೆಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ. ಅಂಚಿಗೆ ಬಂಗಾರದ ಬಣ್ಣವಿದ್ದರೆ ಹಾಳೆಗಳು ಅಂಟಿಕೊಂಡಿರುತ್ತವೆ, ಎಳೆಯದೆ ಹೆಬ್ಬೆರಳಲ್ಲಿ ಸರ್ರನೆ ಬಿಡಿಸಿ. ಅಂಗಡಿಯಲ್ಲೇ ಮಲಾಕಿಯ ಕೊನೆ, ಮತ್ತಾಯನ ಮೊದಲು, ಪ್ರಕಟನೆ 22 ಮೂರನ್ನೂ ತೆರೆದು ನೋಡಿ, ನಡುವಿನ ಪುಟಸಂಖ್ಯೆಗಳ ಮೇಲೂ ಕಣ್ಣಾಡಿಸಿ. ಬೈಂಡಿಂಗಿನಲ್ಲಿ ಒಂದು ಫಾರ್ಮು (ಒಟ್ಟಿಗೆ ಮಡಿಸಿದ ಹಾಳೆಗಳ ಕಂತೆ) ತಪ್ಪಿದರೆ ಹದಿನಾರೋ ಹೆಚ್ಚೋ ಪುಟ ಒಟ್ಟಿಗೇ ಹೋಗಿರುತ್ತದೆ. ರಸೀದಿ ಪುಸ್ತಕದೊಳಗೇ ಇರಲಿ.