ನಮ್ಮ ಫಿಸಿಕ್ಸ್ ಲೆಕ್ಚರರ್‌ಗಳು: ಯಾರ ಹತ್ತಿರ ಏನು ಸಿಗುತ್ತದೆ

ನಮ್ಮದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎಸ್ಸಿಗೆ ಸೇರಿದವರಲ್ಲಿ ಬಹಳ ಮಂದಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ನಾನೂ ಅಷ್ಟೆ. ಫಿಸಿಕ್ಸ್‌ಗೆ ಮೂವರು ಲೆಕ್ಚರರ್‌ಗಳಿದ್ದಾರೆ. 'ಯಾರ ಕ್ಲಾಸು ಚೆನ್ನಾಗಿರುತ್ತೆ ಅಕ್ಕಾ?' ಎಂದು ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಆಪ್ಟಿಕ್ಸ್ ಸರ್ ನೋಟ್ಸ್ ಬರೆಸುತ್ತಾರೆ. ಬಂದು ಕೂತರೆ ಬೆಲ್ ಹೊಡೆಯುವವರೆಗೂ ಡಿಕ್ಟೇಶನ್ನೇ. ಡೆರಿವೇಶನ್‌ನ ಒಂದು ಹೆಜ್ಜೆಯೂ ಬಿಟ್ಟುಹೋಗುವುದಿಲ್ಲ, ಪರೀಕ್ಷೆಯಲ್ಲಿ ಎಷ್ಟು ಬರೆಯಬೇಕೋ ಅಷ್ಟೇ ಇರುತ್ತದೆ. ಅಂಕಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಕೈಗೆ ಬಿಡುವಿಲ್ಲದಾಗ ತಲೆ ಯೋಚಿಸುವುದೇ ಇಲ್ಲ.

ಎಲೆಕ್ಟ್ರಿಸಿಟಿ ಸರ್ ಪಿಪಿಟಿಯಲ್ಲಿ ಪಾಠ ಮಾಡುತ್ತಾರೆ. ಚಿತ್ರಗಳು ನಿಜಕ್ಕೂ ಚಂದ. ಆದರೆ ಸಮೀಕರಣ ಇಡಿಯಾಗಿ ಒಮ್ಮೆಗೇ ಪರದೆಗೆ ಬರುವುದರಿಂದ ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಹುಟ್ಟಿತು ಎಂದು ತಿಳಿಯುವುದಿಲ್ಲ.

ಥರ್ಮೋಡೈನಮಿಕ್ಸ್ ಮೇಡಂ ಚಾಕ್‌ಪೀಸ್ ಹಿಡಿದು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಕಾರ್ನೋ ಎಂಜಿನ್ (ಶಾಖದಿಂದ ಕೆಲಸ ತೆಗೆಯುವ ಆದರ್ಶ ಎಂಜಿನ್) ಪಾಠ ಮಾಡಿದ ದಿನ ಸೂತ್ರ ಬರೆಯುವ ಮೊದಲೇ ಕೇಳಿದರು: 500 ಕೆಲ್ವಿನ್‌ನಲ್ಲಿ ಶಾಖ ಕೊಟ್ಟು 300 ಕೆಲ್ವಿನ್‌ನಲ್ಲಿ ಹೊರಬಿಟ್ಟರೆ, ಒಂದಿಷ್ಟೂ ಘರ್ಷಣೆಯಿಲ್ಲದ ಎಂಜಿನ್ ಎಷ್ಟು ಕೆಲಸ ಕೊಡಬಹುದು? ನೂರಕ್ಕೆ ನೂರು ಎಂದೆವು. ಲೆಕ್ಕ ಮಾಡಿಸಿದರು, ಬಂದದ್ದು ಶೇ. 40. 1824ರಲ್ಲಿ ಫ್ರೆಂಚ್ ಎಂಜಿನಿಯರ್ ಕಾರ್ನೋ ಪುಸ್ತಕ ಬರೆದಾಗ ಶಾಖವನ್ನು ಒಂದು ದ್ರವವೆಂದೇ ನಂಬಿದ್ದ, ಆದರೂ ಈ ಮಿತಿ ಇದೆ ಎಂದು ಕಂಡುಕೊಂಡಿದ್ದ ಎಂದು ಹೇಳಿದ್ದು ಇವರೇ. ಸಿಲಬಸ್ ಮಾತ್ರ ನಿಧಾನವಾಗಿ ಸಾಗುತ್ತದೆ, ಕೊನೆಯ ಯೂನಿಟ್ ಸ್ಪೆಷಲ್ ಕ್ಲಾಸಿನಲ್ಲಿ ಓಡುತ್ತದೆ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಲ್ಯಾಬಿನಲ್ಲಿ. ನ್ಯೂಟನ್ಸ್ ರಿಂಗ್ಸ್ ಪ್ರಯೋಗದಲ್ಲಿ ಉಬ್ಬು ಲೆನ್ಸನ್ನು ಸಪಾಟು ಗಾಜಿನ ಮೇಲಿಟ್ಟು, ಬೆಳಕು ಬಿಟ್ಟಾಗ ಕಾಣುವ ಉಂಗುರಗಳನ್ನು ಅಳೆಯುತ್ತೇವೆ. ಲೆನ್ಸ್ ಗಾಜಿಗೆ ತಾಗುವ ಜಾಗ ಕಪ್ಪಾಗಿ ಕಾಣಬೇಕು. ಕೆಳಗಿನ ಗಾಜಿನಿಂದ ಮರಳುವ ಬೆಳಕು ಅರ್ಧ ತರಂಗದಷ್ಟು ಪಲ್ಲಟವಾಗಿ, ಲೆನ್ಸಿನಿಂದ ಮರಳಿದ ಬೆಳಕನ್ನು ಅಲ್ಲಿ ಅಳಿಸಿಬಿಡುತ್ತದೆ. ನಮಗೆ ಮಾತ್ರ ನಡುವಿನ ಚುಕ್ಕೆ ಮಸುಕು ಬೆಳ್ಳಗೆ ಕಂಡಿತು. ಬೇರೆ ಬೇರೆ ವಾರ ಮೂವರನ್ನೂ ಕೇಳಿದೆ.

ಪಿಪಿಟಿ ಸರ್, 'ಸ್ಲೈಡ್‌ನಲ್ಲಿ ಹಾಕಿದೀನಿ, ನೋಡ್ಕೊ' ಎಂದರು. ಸ್ಲೈಡ್‌ನಲ್ಲಿದ್ದದ್ದು ಕಪ್ಪು ಚುಕ್ಕೆ.

ನೋಟ್ಸ್ ಸರ್, 'ರೀಡಿಂಗ್ ತಗೊಳಮ್ಮ, ನಾಳೆ ಹೇಳ್ತೀನಿ' ಎಂದರು. ಮರುದಿನ ಕಾರಿಡಾರಿನಲ್ಲಿ ಅವರೇ ಕರೆದು, ಧೂಳಿದ್ದರೆ ಲೆನ್ಸ್ ಗಾಜಿಗೆ ಸರಿಯಾಗಿ ತಾಗುವುದಿಲ್ಲ ಎಂದು ವಿವರಿಸಿದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಅಂದೇ.

ಮೇಡಂ ಲೆನ್ಸನ್ನು ನನ್ನ ಕೈಗೇ ಕೊಟ್ಟು ಒರೆಸಲು ಹೇಳಿದರು. ಮತ್ತೆ ಇಟ್ಟು ನೋಡಿದರೆ ಕಪ್ಪು! ಅಷ್ಟಕ್ಕೇ ಬಿಡದೆ, 'ಒರೆಸದಿದ್ರೂ ಉತ್ತರ ಸರಿ ಬರ್ತಿತ್ತು, ಯಾಕೆ ಹೇಳು?' ಎಂದರು. ನಾವು ಲೆಕ್ಕಕ್ಕೆ ಹಿಡಿಯುವುದು ಎರಡು ಉಂಗುರಗಳ ವ್ಯಾಸದ ವರ್ಗಗಳ ವ್ಯತ್ಯಾಸವನ್ನು. ನಡುವೆ ಧೂಳು ಮಾಡಿದ ತಪ್ಪು ಎರಡರಲ್ಲೂ ಒಂದೇ ಆಗಿದ್ದು ಕಳೆದುಹೋಗುತ್ತದೆ. ರೆಕಾರ್ಡಿನಲ್ಲಿ ಸುಮ್ಮನೆ ಬರೆಯುತ್ತಿದ್ದ ಸೂತ್ರಕ್ಕೆ ಕಾರಣ ಸಿಕ್ಕಿತು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಮೇಡಂಗೆ, ಎರಡನೆಯದು ನೋಟ್ಸ್ ಸರ್‌ಗೆ. ಪಿಪಿಟಿ ಸರ್ ಸ್ಲೈಡ್‌ಗಳನ್ನು ವೈವಾದ ಹಿಂದಿನ ರಾತ್ರಿ ಚಿತ್ರಗಳಿಗಾಗಿ ನೋಡಿ, ಉಪಯೋಗಕ್ಕೆ ಬರುತ್ತವೆ. ಮೇಡಂ ಅತಿಥಿ ಉಪನ್ಯಾಸಕಿ, ವರ್ಷ ವರ್ಷವೂ ಹೊಸದಾಗಿ ಆಯ್ಕೆಯಾಗಬೇಕು. ಮುಂದಿನ ವರ್ಷ ನಮ್ಮ ಕಾಲೇಜಿನಲ್ಲೇ ಇರುತ್ತಾರೆಂಬ ಖಾತ್ರಿಯಿಲ್ಲ. ಡೌಟು ಇದ್ದವರು ಈ ಸೆಮಿಸ್ಟರಿನಲ್ಲೇ ಹೋಗಿ ಕೇಳಿ, ಮಧ್ಯಾಹ್ನ ಊಟವಾದ ಮೇಲೆ ಸ್ಟಾಫ್‌ರೂಮಿನಲ್ಲಿ ಸಿಗುತ್ತಾರೆ.