ಫೋನಿನಲ್ಲಿ ಎಂಬಿಎ, ಕಾಗದದಲ್ಲಿ ಡಿಪ್ಲೊಮಾ

ಈ ತಿಂಗಳ 5ಕ್ಕೆ ನನ್ನ ಖಾತೆಯಿಂದ 8,333 ರೂಪಾಯಿ ಕೊನೆಯ ಸಲ ಹೋಯಿತು. ಇಪ್ಪತ್ನಾಲ್ಕು ಕಂತು ಮುಗಿದವು. ಈ ವಿಷಯ ಯಾರ ಮುಂದೆಯೂ ಎತ್ತಬಾರದು ಅಂತ ಎರಡು ವರ್ಷ ಸುಮ್ನೆ ಇದ್ದೆ. ನಾಚಿಕೆ, ಅಷ್ಟೆ. ಆದರೆ ಕಳೆದ ವಾರ ನಮ್ಮ ಲೈನಿನ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿ "ಅಣ್ಣಾ, ಇದು ಹೆಂಗೆ?" ಅಂದ. ನೋಡಿದರೆ ಅದೇ ನೀಲಿ ಬಣ್ಣ, ಅದೇ ಕೋಟು ಹಾಕಿದ ಗಂಡಸು, ಅದೇ ಮಾತು: ಕೆಲಸ ಬಿಡದೆ ಹನ್ನೊಂದು ತಿಂಗಳಲ್ಲಿ ಯುಕೆ ಎಂಬಿಎ. ಕ್ಯಾಂಟೀನಿನಲ್ಲಿ ನಿಂತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಓದಿದ್ದು ಮೆಕ್ಯಾನಿಕಲ್ ಬಿಇ, ಕೆಲಸ ಪ್ರೊಡಕ್ಷನ್ ಸೂಪರ್‌ವೈಸರ್. 2023ರಲ್ಲಿ ಡೆಪ್ಯುಟಿ ಮ್ಯಾನೇಜರ್ ಜಾಗ ಖಾಲಿಯಾಗಲಿದೆ ಅಂತ ಸುದ್ದಿ ಬಂತು. ಎಂಬಿಎ ಇದ್ದವರಿಗೆ ಮೊದಲ ಆದ್ಯತೆ ಅಂತಲೂ ಬಂತು. ನನಗಿಂತ ಆರು ವರ್ಷ ಚಿಕ್ಕವನು ಒಬ್ಬ ಎಂಬಿಎ ಮುಗಿಸಿಕೊಂಡು ಪಕ್ಕದ ಕ್ಯಾಬಿನ್‌ಗೆ ಬಂದು ಕೂತಿದ್ದ. ಹೊಟ್ಟೆಯುರಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಕಾಲೇಜು ಸೇರುವುದು ಶಿಫ್ಟ್ ಕೆಲಸ ಮಾಡುವವನಿಗೆ ಆಗುವ ಮಾತಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ನೆನಪಾಯಿತು. ಆದರೆ 2015ರಲ್ಲಿ ಯುಜಿಸಿ ಅದರ ಮಾನ್ಯತೆ ತೆಗೆದಾಗ ಎದ್ದ ಗಲಾಟೆಯೂ ಜೊತೆಗೇ ನೆನಪಾಯಿತು. 2018ರಲ್ಲಿ ಮಾನ್ಯತೆ ವಾಪಸ್ ಬಂದಿತ್ತು. ಅದು ನನಗೆ ಗೊತ್ತಿದ್ದರೂ ಮನಸ್ಸು ಹಿಂಜರಿಯಿತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂಬಿಎ ಇತ್ತು, ಖರ್ಚು ನಾನು ಆಮೇಲೆ ಕಟ್ಟಿದ್ದರ ಅರ್ಧವೂ ಇರಲಿಲ್ಲ. ಅದಕ್ಕೆ ಕನಿಷ್ಠ ಎರಡು ವರ್ಷ ಬೇಕು, ಅಷ್ಟರಲ್ಲಿ ಜಾಗ ತುಂಬಿಬಿಡುತ್ತದೆ ಅಂದುಕೊಂಡೆ. ಒಂದನ್ನು ಮಾನ್ಯತೆಯ ಗೊಂದಲ ಬೇಡ ಅಂತ, ಇನ್ನೊಂದನ್ನು ಸಮಯ ಸಾಲದು ಅಂತ ಬಿಟ್ಟವನು ಹೋಗಿ ಬಿದ್ದದ್ದು ಎಲ್ಲಿಗೆ ನೋಡಿ.

ಜಾಹೀರಾತಿನಲ್ಲಿ ನಂಬರ್ ಹಾಕಿದ ಐದೇ ನಿಮಿಷಕ್ಕೆ ಫೋನ್ ಬಂತು. ಕೌನ್ಸೆಲರ್ ಅಂತೆ. ಒಳ್ಳೆಯ ಕನ್ನಡ, ಹಾಸನದ ಕಡೆಯ ಹುಡುಗಿ ಇರಬೇಕು. ಮೊದಲು ಹತ್ತು ನಿಮಿಷ ನನ್ನ ಕೆಲಸದ ಬಗ್ಗೆಯೇ ಕೇಳಿದಳು. ಎಷ್ಟು ಜನ ನಿಮ್ಮ ಕೈಕೆಳಗೆ? ಅರವತ್ತು ಅಂದೆ. "ಅರವತ್ತು ಜನಾನಾ ಸರ್? ಹಾಗಾದ್ರೆ ನೀವು ಈಗಾಗ್ಲೇ ಲೀಡರ್ರೇ. ನಾವು ಅದಕ್ಕೊಂದು ಸರ್ಟಿಫಿಕೇಟ್ ಕೊಡಿಸ್ತೀವಿ ಅಷ್ಟೆ." ದಿನಾ ಬೆಳಗ್ಗೆ ಮೇಲಿನವರಿಂದ ಬೈಸಿಕೊಂಡು, ಸಂಜೆ ಕೆಳಗಿನವರಿಂದ ಬೈಸಿಕೊಳ್ಳುವವನಿಗೆ ಆ ಮಾತು ಹೇಗೆ ಇಳಿದಿರಬೇಕು ಹೇಳಿ.

ಕೋರ್ಸಿನ ಹೆಸರು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಅಂಡ್ ಲೀಡರ್‌ಶಿಪ್. "ಇದು ಯುಕೆಯ ಲೆವೆಲ್ 7 ಸರ್. ಲೆವೆಲ್ 7 ಅಂದ್ರೆ ಮಾಸ್ಟರ್ಸ್. ಅಂದ್ರೆ ಎಂಬಿಎ." ಶುಲ್ಕ 2,85,000. ನಿಮ್ಮ ಅನುಭವಕ್ಕೆ 85,000 ಸ್ಕಾಲರ್‌ಶಿಪ್, ಆದರೆ ಇವತ್ತು ರಾತ್ರಿ ಹನ್ನೆರಡರೊಳಗೆ ಸೇರಿದರೆ ಮಾತ್ರ. ಉಳಿದ ಎರಡು ಲಕ್ಷಕ್ಕೆ ಬಡ್ಡಿ ಇಲ್ಲದ ಕಂತು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. "ರೀ, ನಾಳೆ ನೋಡಿದ್ರೆ ಆಗಲ್ವಾ?" ಅಂದಳು. ನಾಳೆ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಒಂದು ಲಿಂಕ್ ಬಂತು. ಪ್ಯಾನ್, ಆಧಾರ್, ಸೆಲ್ಫಿ, ಎರಡು ಓಟಿಪಿ. "ಅಡ್ಮಿಷನ್ ಪ್ರೊಸೆಸ್ ಸರ್, ವೀಡಿಯೊದಲ್ಲಿ ಯಾರಾದ್ರೂ ಕೇಳಿದ್ರೆ ಎಲ್ಲಾ ಅರ್ಥ ಆಗಿದೆ ಅನ್ನಿ." ಅಂದೆ. ಪರಿಚಯದವರು ಇಬ್ಬರ ನಂಬರ್ ಕೊಡಿ ಅಂತಿತ್ತು. ಒಂದು ತಿಪಟೂರಿನಲ್ಲಿರುವ ಭಾವನದು ಕೊಟ್ಟೆ. ನಾನು ಸಹಿ ಹಾಕಿದ್ದು ಕಾಲೇಜಿನ ಅರ್ಜಿಗಲ್ಲ, ಒಂದು ಫೈನಾನ್ಸ್ ಕಂಪನಿಯ ಸಾಲಪತ್ರಕ್ಕೆ. ದುಡ್ಡು ನನ್ನ ಕೈಗೆ ಬರಲೇ ಇಲ್ಲ, ನೇರವಾಗಿ ಕೋರ್ಸ್ ಮಾರಿದವರ ಖಾತೆಗೆ ಹೋಯಿತು. ಸಾಲ ಮಾತ್ರ ನನ್ನ ಹೆಸರಿಗೆ. ಪಾಠ ನಡೆಯಲಿ ಬಿಡಲಿ, ಸರ್ಟಿಫಿಕೇಟ್ ಬರಲಿ ಬಿಡಲಿ, ಕಂತಿಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ತಿಳಿದದ್ದು ಒಂದಿದೆ. ಹೀಗೆ ಮೊಬೈಲಿನಲ್ಲೇ ಕೊಡುವ ಸಾಲಕ್ಕೆ ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಸಾಲದ ಮೊತ್ತ, ಬಡ್ಡಿ, ದಂಡ ಎಲ್ಲ ಒಂದೇ ಕಡೆ ಬರೆದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನು ಮೊದಲೇ ಕೊಡಬೇಕು. ಮನಸ್ಸು ಬದಲಾದರೆ ಶುರುವಿನಲ್ಲಿ ಕಂಪನಿ ಗೊತ್ತುಮಾಡಿದ ಅವಧಿಯೊಳಗೆ ಅಸಲು ಮತ್ತು ಆ ಅವಧಿಯ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಗೆ ಬರಬಹುದು. ಕೂಲಿಂಗ್ ಆಫ್ ಅನ್ನುತ್ತಾರೆ. ನನ್ನ ಮೇಲ್‌ನಲ್ಲಿ ಆ ಪತ್ರ ಇತ್ತು. ಅದನ್ನು ನಾನು ತೆರೆದದ್ದು ಹನ್ನೊಂದು ತಿಂಗಳ ನಂತರ.

ಪಾಠದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ ಜೂಮ್. ಮೊದಲ ಎರಡು ತಿಂಗಳು ಬಂದ ಮೇಷ್ಟ್ರು ಚೆನ್ನಾಗಿದ್ದರು, ಅದನ್ನು ಒಪ್ಪಬೇಕು. ಆಮೇಲೆ ಹಳೆಯ ರೆಕಾರ್ಡಿಂಗ್ ಹಾಕುತ್ತಿದ್ದರು. ಪರೀಕ್ಷೆ ಇಲ್ಲ, ಬರೀ ಅಸೈನ್‌ಮೆಂಟ್. ಬರೆಯಲು ಆಗದಿದ್ದರೆ "ಸಪೋರ್ಟ್" ಇದೆ, ಒಂದಕ್ಕೆ 4,000 ಕೊಟ್ಟರೆ ಬರೆದುಕೊಡುವವರು ಇದ್ದಾರೆ ಅಂತ ವಾಟ್ಸಾಪ್ ಬರುತ್ತಿತ್ತು. ನಾನು ಹಠಕ್ಕೆ ಬಿದ್ದು ಎಲ್ಲವನ್ನೂ ಕೈಯಾರೆ ಬರೆದೆ. ರಾತ್ರಿ ಪಾಳಿ ಬದಲಾಗುವಾಗ ಗುತ್ತಿಗೆ ಕೆಲಸಗಾರರಿಗೂ ಕಾಯಂ ಆದವರಿಗೂ ನಡುವೆ ಆಗುವ ತಿಕ್ಕಾಟ, ಅದನ್ನು ನಾವು ಹೇಗೆ ಸರಿಮಾಡಿದೆವು ಅನ್ನುವುದರ ಮೇಲೆ ಮೂರು ಸಾವಿರ ಪದ. ಮೂರು ಭಾನುವಾರ ಕೂತಿದ್ದೆ. ವಾಪಸ್ ಬಂದ ಅಭಿಪ್ರಾಯದಲ್ಲಿ ಆಸ್ಪತ್ರೆಯ ನರ್ಸ್‌ಗಳ ಬಗ್ಗೆ ಒಳ್ಳೆಯ ವಿಶ್ಲೇಷಣೆ ಮಾಡಿದ್ದೀರಿ ಅಂತಿತ್ತು. ಬೇರೆ ಯಾರದೋ ಕಾಮೆಂಟ್ ಅಂಟಿಸಿದ್ದರು. ನನಗೆ ಅವತ್ತೇ ಅನುಮಾನ ಬರಬೇಕಿತ್ತು. ಪಾಸ್ ಅಂತ ಇತ್ತಲ್ಲ, ಸುಮ್ಮನಾದೆ.

ಅಸಲಿ ಪೆಟ್ಟು ಬಿದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ. ಸರ್ಟಿಫಿಕೇಟಿನ ಪಿಡಿಎಫ್ ಬಂತು. ಅದನ್ನು ಹಿಡಿದುಕೊಂಡು ಎಚ್‌ಆರ್ ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಸರ್, ಇದರಲ್ಲಿ ಡಿಪ್ಲೊಮಾ ಅಂತಿದೆಯಲ್ಲ?"

"ಲೆವೆಲ್ 7 ಮೇಡಂ, ಎಂಬಿಎಗೆ ಸಮ."

"ಸರಿ ಸರ್, ಯಾವ ಯೂನಿವರ್ಸಿಟಿ?"

ನಾನು ಪಿಡಿಎಫ್ ನೋಡಿದೆ. ಯೂನಿವರ್ಸಿಟಿ ಅನ್ನುವ ಪದವೇ ಇರಲಿಲ್ಲ. ಸರ್ಟಿಫಿಕೇಟ್ ಕೊಡುವ ಒಂದು ಸಂಸ್ಥೆಯ ಹೆಸರಿತ್ತು. ಮೇಡಂ ಪಾಪ ಬೇಜಾರು ಮಾಡಿಕೊಂಡು, ಫೈಲಿನಲ್ಲಿ ಹಾಕಿಡುತ್ತೇನೆ ಸರ್ ಅಂದರು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ಜನ ಬೀಳುವುದು ಇದೇ ಜಾಗದಲ್ಲಿ. ನನಗೆ ಕೊಟ್ಟದ್ದು ನಕಲಿ ಸರ್ಟಿಫಿಕೇಟ್ ಅಲ್ಲ. ಇಂಗ್ಲೆಂಡಿನಲ್ಲಿ ಇಂಥ ಕೋರ್ಸುಗಳ ಮೇಲೆ ಕಣ್ಣಿಡುವ ಆಫ್‌ಕ್ವಾಲ್ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಅದರ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ನನ್ನ ಡಿಪ್ಲೊಮಾ ಅದರಲ್ಲಿ ಇದೆ. ಆದರೆ ಆಫ್‌ಕ್ವಾಲ್ ನೋಡಿಕೊಳ್ಳುವುದು ಡಿಗ್ರಿಗಳನ್ನಲ್ಲ. ಅಲ್ಲಿ ಡಿಗ್ರಿ ಕೊಡುವ ಅಧಿಕಾರ ಇರುವ ವಿಶ್ವವಿದ್ಯಾಲಯಗಳೇ ಬೇರೆ.

ಲೆವೆಲ್ ಅನ್ನುವುದು ಮಹಡಿ ಇದ್ದ ಹಾಗೆ. ಎಂಬಿಎ ಇರುವುದೂ ಏಳನೇ ಮಹಡಿಯಲ್ಲೇ, ನನ್ನ ಡಿಪ್ಲೊಮಾ ಇರುವುದೂ ಏಳನೇ ಮಹಡಿಯಲ್ಲೇ. ಅದು ನಿಜ. ಆದರೆ ಬ್ರಿಟನ್ನಿನ ಮಾಸ್ಟರ್ಸ್ ಡಿಗ್ರಿ 180 ಕ್ರೆಡಿಟ್‌ನದು, ನನ್ನದು 120. ಮೂರು ರೂಮಿನ ಮನೆ ಅಂತ ಹೇಳಿ ಎರಡು ರೂಮು ಕೊಟ್ಟ ಹಾಗೆ. ಮೂರನೇ ರೂಮಿನ ಬೀಗದ ಕೈ ಬೇರೆ ಮಾಲೀಕನ ಹತ್ತಿರ ಇರುತ್ತದೆ. ಅದನ್ನು "ಟಾಪ್ ಅಪ್" ಅನ್ನುತ್ತಾರೆ. ಇಂಥ ಡಿಪ್ಲೊಮಾ ಒಪ್ಪುವ ಒಂದು ವಿಶ್ವವಿದ್ಯಾಲಯಕ್ಕೆ ಬೇರೆಯಾಗಿ ಸೇರಿ, ಬೇರೆ ಶುಲ್ಕ ಕಟ್ಟಿ, ಪ್ರಬಂಧ ಬರೆದು ಪಾಸಾದರೆ ಅವರು ಎಂಬಿಎ ಕೊಡುತ್ತಾರೆ. ನನಗೆ ಹೇಳಿದ ಶುಲ್ಕ 4,000 ಪೌಂಡ್. ಆಗಿನ ಲೆಕ್ಕಕ್ಕೆ ನಾಲ್ಕು ಲಕ್ಷ ದಾಟುತ್ತಿತ್ತು. ಅಂದರೆ ಕಟ್ಟಿದ್ದರ ಎರಡು ಪಟ್ಟು.

ಸಾಲ ಮಾಡಿ ಅದನ್ನೂ ಮುಗಿಸಿದೆ ಅಂತಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಅದು ನಡೆಯುತ್ತದಾ? ಆನ್‌ಲೈನ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿಕೊಂಡು ಕೊಡುವ ಡಿಗ್ರಿ, ಡಿಪ್ಲೊಮಾಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಾನು ಸೇರಿ ಎರಡು ತಿಂಗಳಾಗಿತ್ತು. ಪೇಪರಿನಲ್ಲಿ ಓದಿ ಕೌನ್ಸೆಲರ್‌ಗೆ ಫೋನ್ ಮಾಡಿದ್ದೆ. "ಅದು ಡಿಗ್ರಿ ಕೊಡೋರಿಗೆ ಸರ್, ನಮ್ಮದು ಪ್ರೊಫೆಷನಲ್ ಕ್ವಾಲಿಫಿಕೇಷನ್" ಅಂದಿದ್ದಳು. ಸೇರಿಸಿಕೊಳ್ಳುವಾಗ ಎಂಬಿಎ, ಪ್ರಶ್ನೆ ಕೇಳಿದಾಗ ಡಿಗ್ರಿಯೇ ಅಲ್ಲ! ನಾನು ಹೂಂ ಅಂದುಕೊಂಡು ಫೋನ್ ಇಟ್ಟಿದ್ದೆ. ಮರುವರ್ಷ ಏಪ್ರಿಲ್‌ನಲ್ಲಿ ಯುಜಿಸಿ ಇನ್ನೊಂದು ಎಚ್ಚರಿಕೆ ಕೊಟ್ಟಿತು, ಹತ್ತೇ ದಿನದ ಎಂಬಿಎ ಮಾರುವವರ ಬಗ್ಗೆ. ಅದನ್ನು ಓದಿ ನಾನು ನಕ್ಕಿದ್ದೆ, ಹತ್ತು ದಿನಕ್ಕೆ ಯಾರಪ್ಪಾ ಮೋಸ ಹೋಗ್ತಾರೆ ಅಂತ.

ಸರ್ಟಿಫಿಕೇಟ್ ನೋಡಿದ ಸಿಟ್ಟಿಗೆ ಒಂದು ತಪ್ಪು ಮಾಡಿದೆ. ನೀವು ಮಾಡಬೇಡಿ. ಕಂತಿನ ಖಾತೆಯಲ್ಲಿ ದುಡ್ಡು ಇಡಲಿಲ್ಲ. ಬ್ಯಾಂಕಿನವರು ಬೌನ್ಸ್ ಆಗಿದ್ದಕ್ಕೆ 590 ಹಿಡಿದರು, ಫೈನಾನ್ಸ್‌ನವರು ಬೇರೆ ದಂಡ ಹಾಕಿದರು. ಸಿಬಿಲ್ ಸ್ಕೋರು ಬಿತ್ತು. ನಾಲ್ಕನೇ ದಿನ ತಿಪಟೂರಿನಿಂದ ಭಾವ ಫೋನ್ ಮಾಡಿದರು. "ಏನಪ್ಪಾ, ಯಾರೋ ಹುಡುಗ ಹಿಂದೀಲಿ ನಿನ್ನ ಹೆಸರು ಹೇಳಿ ಸಾಲ ಸಾಲ ಅಂತಾನೆ. ಎಲ್ಲಾ ಚೆನ್ನಾಗಿದೀರಾ? ದುಡ್ಡು ಬೇಕಾಗಿತ್ತಾ?" ಕೊಬ್ಬರಿ ಮಂಡಿಯಲ್ಲಿ ನಾಲ್ಕು ಜನರ ಮುಂದೆ ಅವರಿಗೆ ಆ ಫೋನ್ ಬಂದಿತ್ತಂತೆ. ಎರಡು ಲಕ್ಷ ಹೋದದ್ದಕ್ಕಿಂತ ಆ ಪ್ರಶ್ನೆ ನನಗೆ ಜಾಸ್ತಿ ನೋವು ಕೊಟ್ಟಿತು. ಅವತ್ತೇ ಕಂತು ಕಟ್ಟಿದೆ. ಫೈನಾನ್ಸ್ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತ ಬರೆದೆ. ಭಾವನಿಗೆ ಮತ್ತೆ ಫೋನ್ ಹೋಗಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಕೋರ್ಸ್ ಮಾರಿದವರು ನಯವಾಗಿ ಉತ್ತರಿಸಿದರು. ನಾನು ಒಪ್ಪಿದ ಅರ್ಜಿಯ ನಾಲ್ಕನೇ ಪುಟದಲ್ಲಿ ಲೆವೆಲ್ 7 ಡಿಪ್ಲೊಮಾ ಅಂತ ಸ್ಪಷ್ಟವಾಗಿದೆ, ನೋಡಿ ಅಂದರು. ಹೌದು, ಇತ್ತು. ಟಾಪ್ ಅಪ್‌ಗೆ ಸೇರಿದರೆ 15,000 ರಿಯಾಯಿತಿ ಕೊಡುತ್ತೇವೆ ಅಂತಲೂ ಸೇರಿಸಿದ್ದರು! ಗ್ರಾಹಕರ ಆಯೋಗಕ್ಕೆ ಹೋಗೋಣ, ಐದು ಲಕ್ಷದವರೆಗೆ ಕೋರ್ಟ್ ಫೀಸೂ ಇಲ್ಲ ಅಂತ ವಕೀಲನಾಗಿರುವ ಗೆಳೆಯನ ಹತ್ತಿರ ಎಲ್ಲಾ ಕಾಗದ ಒಯ್ದೆ. ಅವನು ಬ್ರೋಷರ್ ತಿರುಗಿಸಿ ನೋಡಿದ. ಅದರಲ್ಲಿ "ಎಂಬಿಎ ಪಾಥ್‌ವೇ" ಅಂತ ದಪ್ಪ ಅಕ್ಷರದಲ್ಲಿತ್ತು.

"ಪಾಥ್‌ವೇ ಅಂದ್ರೆ ದಾರಿ ಕಣೋ. ಊರು ಅಂತ ಎಲ್ಲೂ ಬರೆದಿಲ್ಲ ಅವರು."

ಕೌನ್ಸೆಲರ್ ಫೋನಿನಲ್ಲಿ ಎಂಬಿಎ ಅಂತಲೇ ಹೇಳಿದ್ದಳು ಅಂದೆ. ರೆಕಾರ್ಡ್ ಇದೆಯಾ ಅಂದ. ಇರಲಿಲ್ಲ. ಕಾಗದದಲ್ಲಿ ಒಂದು ಸುಳ್ಳೂ ಇಲ್ಲ, ಸುಳ್ಳೆಲ್ಲ ಗಾಳಿಯಲ್ಲಿದೆ, ಕೇಸು ಹಾಕಬಹುದು, ಗೆಲ್ಲುತ್ತೇವೆ ಅಂತ ಹೇಳಲ್ಲ ಅಂದ. ಹಾಕಲಿಲ್ಲ.

ಕ್ಯಾಂಟೀನಿನ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಫೋನಿನಲ್ಲಿ ಏನು ಹೇಳುತ್ತಾರೋ ಅದನ್ನೇ ಮೇಲ್‌ನಲ್ಲಿ ಬರೆಯಲು ಹೇಳು. ಕೊನೆಗೆ ಕೈಗೆ ಬರುವ ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು, ಯಾವ ಡಿಗ್ರಿಯ ಹೆಸರು ಇರುತ್ತದೆ, ಅಕ್ಷರಕ್ಕೆ ಅಕ್ಷರ. ಹಳೆಯ ವಿದ್ಯಾರ್ಥಿಯ ಒಂದು ಮಾದರಿ ಕೇಳು, ಹೆಸರು ಅಳಿಸಿ ಕೊಟ್ಟರೂ ಪರವಾಗಿಲ್ಲ. ಇಲ್ಲಿಯ ದೂರಶಿಕ್ಷಣ ಅಥವಾ ಆನ್‌ಲೈನ್ ಎಂಬಿಎ ಆದರೆ ಯುಜಿಸಿಯ ದೂರಶಿಕ್ಷಣ ಬ್ಯೂರೊ ಸೈಟಿನಲ್ಲಿ ಆ ವಿಶ್ವವಿದ್ಯಾಲಯಕ್ಕೆ ಈ ವರ್ಷಕ್ಕೆ, ಅದೇ ಕೋರ್ಸಿಗೆ ಅನುಮತಿ ಇದೆಯಾ ನೋಡು. ಹೋದ ವರ್ಷದ ಪಟ್ಟಿ ನಡೆಯುವುದಿಲ್ಲ. 2024ರಿಂದ ಇಂಥ ಕೋರ್ಸಿಗೆ ಸೇರುವವರು ಆ ಬ್ಯೂರೊದ ಗುರುತಿನ ಸಂಖ್ಯೆ, ಅಂದರೆ ಡಿಇಬಿ ಐಡಿ, ಮಾಡಿಸಿಕೊಳ್ಳಬೇಕು. ಸೇರಿಸಿಕೊಳ್ಳುವವರು ಅದರ ಮಾತೇ ಎತ್ತದೆ ಪ್ಯಾನ್ ಕಾರ್ಡ್ ಕೇಳಿದರೆ ಅದು ಅಡ್ಮಿಷನ್ ಅಲ್ಲ, ಸಾಲ. ಕಾಲೇಜಿನಲ್ಲಿ ಪಿಜಿಡಿಎಂ ಅನ್ನುವ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡುವುದಾದರೆ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆ ನೋಡು. ಎಲ್ಲಕ್ಕಿಂತ ಮೊದಲು ನಮ್ಮ ಎಚ್‌ಆರ್ ಮೇಡಂ ಹತ್ತಿರ ಬ್ರೋಷರ್ ಒಯ್ದು, ಇದನ್ನು ಒಪ್ಪುತ್ತೀರಾ ಅಂತ ಕೇಳು. ನಾನು ಹನ್ನೊಂದು ತಿಂಗಳ ನಂತರ ಕೇಳಿದ ಪ್ರಶ್ನೆ ಅದು, ಐದು ನಿಮಿಷದ ಕೆಲಸ.

ಆ ಡಿಪ್ಲೊಮಾ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಬರೀ ಕಲಿಕೆಗೆ ಅಂತ ಗೊತ್ತಿದ್ದು ತೆಗೆದುಕೊಳ್ಳುವವರು, ಬ್ರಿಟನ್ನಿಗೆ ಹೋಗಿ ಟಾಪ್ ಅಪ್ ಮಾಡುವ ತಯಾರಿ ಇರುವವರು ಇರಬಹುದು. ಅವರಿಗೆ ಅದು ಏನು ಅಂತ ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ.

ಕೊನೆಯ ಕಂತು ಹೋದ ಮೂರನೇ ದಿನ ಒಂದು ಫೋನ್ ಬಂತು. ಬೇರೆ ಹುಡುಗಿ, ಅದೇ ನಯ. "ಸರ್, ನೀವು ನಮ್ಮ ಹಳೆ ವಿದ್ಯಾರ್ಥಿ. ನಿಮ್ಮ ಪ್ರೊಫೈಲ್ ಲೀಡರ್‌ಶಿಪ್ ಡಾಕ್ಟರೇಟ್‌ಗೆ ಶಾರ್ಟ್‌ಲಿಸ್ಟ್ ಆಗಿದೆ. ಇವತ್ತೇ ಸೇರಿದ್ರೆ ಸ್ಕಾಲರ್‌ಶಿಪ್ ಇದೆ."

"ಆಯ್ತಮ್ಮ. ಡಾಕ್ಟರೇಟ್ ಕೊಡೋ ಯೂನಿವರ್ಸಿಟಿ ಹೆಸರು ಬರೆದು ಒಂದು ಮೇಲ್ ಹಾಕಿ, ನೋಡ್ತೀನಿ" ಅಂದೆ.

"ಸರ್, ವಾಯ್ಸ್ ಬ್ರೇಕ್ ಆಗ್ತಿದೆ" ಅಂದಳು. ನನಗೆ ಅವಳ ಮಾತು ಸರಿಯಾಗೇ ಕೇಳಿಸುತ್ತಿತ್ತು.