ಮಕ್ಕಳ ಜೊತೆ ಸ್ಕೀ ಪ್ರವಾಸ: ಬ್ಯಾಗಿಗೆ ಅದೋ, ಇದೋ?

ಸ್ಕೀ ಪ್ರವಾಸಕ್ಕೆ ಏನೇನು ಬೇಕು ಅನ್ನುವ ಪಟ್ಟಿ ಎಲ್ಲಿ ಹುಡುಕಿದರೂ ಸಿಗುತ್ತದೆ. ಜಾಕೆಟ್, ಗ್ಲೌಸ್, ಗಾಗಲ್ಸ್, ಥರ್ಮಲ್, ಕಾಲುಚೀಲ. ಆದರೆ ಒಂದೊಂದರಲ್ಲೂ ಎರಡು ಮೂರು ಬಗೆ ಇರುತ್ತವಲ್ಲ, ಅದರಲ್ಲಿ ಯಾವುದನ್ನು ತರಬೇಕು ಅಂತ ಪಟ್ಟಿ ಹೇಳುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಬೆಚ್ಚಗಿರುತ್ತದೆ ಅನ್ನುತ್ತಾರೆ. ಅದು ಸುಳ್ಳೇನಲ್ಲ.

ಮಕ್ಕಳಿಗೆ ಕೊಳ್ಳುವಾಗ ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಮಗು ತಾನೇ ಹಾಕಿಕೊಂಡು ತಾನೇ ತೆಗೆಯುತ್ತದಾ? ಸಂಜೆ ಒದ್ದೆಯಾಗಿ ಬಂದದ್ದು ಬೆಳಿಗ್ಗೆ ಒಣಗಿರುತ್ತದಾ? ಸ್ಕೀ ಶಾಲೆಯಲ್ಲಿ ಒಬ್ಬ ಕೋಚ್ ಹಿಂದೆ ಮಕ್ಕಳ ಸಾಲೇ ಇರುತ್ತದೆ. ನಿಮ್ಮ ಮಗುವಿನ ಜಿಪ್ ಎಳೆಯಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಇನ್ನು ಒಣಗದ ಬಟ್ಟೆ ಎಷ್ಟೇ ದುಬಾರಿಯದಾದರೂ ಮರುದಿನ ತಣ್ಣಗೇ ಇರುತ್ತದೆ.

ನಮ್ಮ ಮಗಳಿಗೆ ಈಗ ಒಂಬತ್ತು, ಮಗನಿಗೆ ಐದು. ಕೆಲವು ವಸ್ತುಗಳಿಗೆ ಇಬ್ಬರೂ ಬೇರೆ ಬೇರೆ ತೀರ್ಪು ಕೊಟ್ಟಿದ್ದಾರೆ. ಅದನ್ನೂ ಹಾಗೇ ಬರೆಯುತ್ತೇನೆ.

ಮಿಟನ್ನೋ, ಐದು ಬೆರಳಿನ ಗ್ಲೌಸೋ

ಮೊದಲು ಇದನ್ನೇ ಹಿಡಿಯುತ್ತೇನೆ. ಮಕ್ಕಳು ಅಳುತ್ತಾ ವಾಪಸ್ ಬರುವುದಕ್ಕೆ ಕೈ ತಣ್ಣಗಾಗುವಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ.

ಮಿಟನ್‌ನಲ್ಲಿ ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದೇ ಮನೆ. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಶಾಖ ಉಳಿಯುತ್ತದೆ. ಗ್ಲೌಸ್‌ನಲ್ಲಿ ಪ್ರತಿ ಬೆರಳೂ ಒಂಟಿ, ಅದರ ಸುತ್ತಲೂ ತಣ್ಣನೆ ಗಾಳಿ. ಹಾಗಾಗಿ ಒಂದೇ ಬಟ್ಟೆ, ಒಂದೇ ದಪ್ಪ ಇದ್ದರೂ ಮಿಟನ್ನೇ ಬೆಚ್ಚಗೆ.

ಗ್ಲೌಸ್ ಗೆಲ್ಲುವುದು ಹಿಡಿತದಲ್ಲಿ. ಬೂಟಿನ ಬಕಲ್ ಹಾಕುವುದು, ಹೆಲ್ಮೆಟ್ಟಿನ ಕ್ಲಿಪ್ ಒತ್ತುವುದು, ಜಾರುವಾಗ ಊರುವ ಕೋಲು ಹಿಡಿಯುವುದು, ಎಲ್ಲಕ್ಕೂ ಬೆರಳು ಬೇಕು. ಮಗಳಿಗೆ ಕೋಲು ಬಂದ ಮೇಲೆ ಅವಳು ಮಿಟನ್ ಮುಟ್ಟಲೇ ಇಲ್ಲ. ಮಗನದು ಉಲ್ಟಾ. ಶುರುವಿನಲ್ಲಿ ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೋಲು ಕೊಡುವುದೇ ಇಲ್ಲ. ಬೆರಳಿನ ಕೆಲಸವೇ ಇಲ್ಲದವನಿಗೆ ಗ್ಲೌಸ್ ಯಾಕೆ? ಐದು ವರ್ಷದ ಮಗುವಿಗೆ ಗ್ಲೌಸ್ ಹಾಕಿಸಿ ನೋಡಿ, ಎರಡು ಬೆರಳು ಒಂದೇ ತೂತಿಗೆ ಹೋಗಿ ಇನ್ನೊಂದು ತೂತು ಖಾಲಿ ನೇತಾಡುತ್ತಿರುತ್ತದೆ. ತೆಗೆದು, ಸರಿಮಾಡಿ, ಮತ್ತೆ ಹಾಕುವಷ್ಟರಲ್ಲಿ ಇನ್ನೊಂದು ಕೈಯದನ್ನು ಅವನೇ ಕಿತ್ತಿರುತ್ತಾನೆ.

ಮಿಟನ್‌ಗಳಲ್ಲೂ ಎರಡು ಜಾತಿ. ಮಣಿಕಟ್ಟಿಗೇ ಮುಗಿಯುವ ಗಿಡ್ಡನೆಯದು ಒಂದು, ಮೊಣಕೈ ಕಡೆಗೆ ಉದ್ದಕ್ಕೆ ಬಂದು ಜಾಕೆಟ್ ತೋಳಿನ ಮೇಲೆ ಕೂರುವುದು ಇನ್ನೊಂದು. ಗಿಡ್ಡನೆಯದರಲ್ಲಿ ಬಿದ್ದಾಗಲೆಲ್ಲ ಹಿಮ ಒಳಗೆ ನುಗ್ಗುತ್ತದೆ. ಕಲಿಯುವ ಮಕ್ಕಳು ಬೀಳುವುದೇ ಜಾಸ್ತಿ ಅಲ್ವಾ? ಉದ್ದನೆಯದು, ಪಕ್ಕದಲ್ಲಿ ಉದ್ದ ಜಿಪ್ ಇರುವುದು, ಇದೇ ನನ್ನ ಆಯ್ಕೆ. ಜಿಪ್ ತೆರೆದರೆ ಬಾಯಿ ಅಗಲ, ಕೈ ಸಲೀಸಾಗಿ ಒಳಗೆ. ಎರಡೂ ಕಳೆಯದಂತೆ ಮಣಿಕಟ್ಟಿಗೆ ಸಣ್ಣ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಕುರ್ಚಿಯಲ್ಲಿ ಕೂರಿಸಿ ಬೆಟ್ಟ ಹತ್ತಿಸುವ ಚೇರ್‌ಲಿಫ್ಟಿನಿಂದ ಬಿದ್ದ ಮಿಟನ್ ಮತ್ತೆ ಸಿಗುವುದು ಅದೃಷ್ಟ.

ಒಣಗುವ ವಿಷಯಕ್ಕೆ ಬಂದರೆ, ಒಳಪದರ ಬೇರೆಯಾಗಿ ಹೊರಗೆ ಬರುವ ಜೋಡಿ ಬೆಳಗಾಗುವುದರೊಳಗೆ ಒಣಗಿತ್ತು. ಒಳಪದರ ಹೊಲಿದೇ ಬಿಟ್ಟ ದಪ್ಪ ಜೋಡಿಯ ತುದಿ ಇನ್ನೂ ಹಸಿಯಾಗಿತ್ತು. ಅದಕ್ಕೇ ಒಂದು ದುಬಾರಿ ಜೋಡಿಗಿಂತ ಎರಡು ಸಾಧಾರಣ ಜೋಡಿ ಮೇಲು. ಒಂದು ಒದ್ದೆಯಾದರೆ ಮಧ್ಯಾಹ್ನಕ್ಕೆ ಇನ್ನೊಂದು.

ಪ್ಯಾಂಟಿನ ಪಂಚಾಯ್ತಿ

ಇಲ್ಲಿ ಮೂರು ಬಗೆ. ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ಇಡೀ ಸೂಟ್, ಭುಜಕ್ಕೆ ಪಟ್ಟಿ ಇರುವ ಬಿಬ್ ಪ್ಯಾಂಟ್, ಸೊಂಟಕ್ಕೆ ಕಟ್ಟುವ ಮಾಮೂಲಿ ಸ್ಕೀ ಪ್ಯಾಂಟ್.

ಹಿಮ ತಡೆಯುವುದೊಂದೇ ಲೆಕ್ಕವಾದರೆ ಇಡೀ ಸೂಟಿಗೆ ಸಾಟಿಯಿಲ್ಲ. ಬೆನ್ನ ಮೇಲೆ ಜಾರಿದರೂ ಒಂದು ಚೂರು ಹಿಮ ಒಳಗೆ ಹೋಗುವುದಿಲ್ಲ. ಡೈಪರ್ ಹಾಕುವ, ಸುಮ್ನೆ ಹಿಮದಲ್ಲಿ ಕೂತು ಆಡುವ ಮಗುವಿಗೆ ಅದೇ ಸರಿ. ಆದರೆ 'ಅಮ್ಮಾ, ಸುಸ್ಸು' ಅಂದ ಕ್ಷಣ ಅದರ ಬಣ್ಣ ಬಯಲಾಗುತ್ತದೆ. ಹೆಲ್ಮೆಟ್, ಮಿಟನ್, ಆಮೇಲೆ ಇಡೀ ಮೇಲ್ಭಾಗ ಕಳಚಬೇಕು. ಕಳಚಿದ ತೋಳುಗಳು ಟಾಯ್ಲೆಟ್ಟಿನ ಒದ್ದೆ ನೆಲಕ್ಕೆ ತಾಗುತ್ತವೆ.

ಸೊಂಟದ ಪ್ಯಾಂಟ್ ಇದಕ್ಕೆ ನೇರ ವಿರುದ್ಧ. ಟಾಯ್ಲೆಟ್ಟಿಗೆ ಸುಲಭ, ಬಿದ್ದಾಗ ಬೆನ್ನಿಗೆ ಹಿಮ. ಮಕ್ಕಳಿಗೆ ಸೊಂಟವೇ ಇಲ್ಲದ್ದರಿಂದ ಅದು ಕೆಳಗೂ ಜಾರುತ್ತದೆ.

ಮಗನಿಗೆ ಬಿಬ್ ಗೆದ್ದಿತು. ಅದರಲ್ಲೂ ಪಟ್ಟಿ ಹಿಗ್ಗುವಂಥದ್ದು, ಪಟ್ಟಿಯ ಕ್ಲಿಪ್ ಎದುರಿಗೇ ಇರುವಂಥದ್ದು. ಜಾಕೆಟ್ ತೆಗೆದು ಕ್ಲಿಪ್ ಬಿಚ್ಚುವುದು ಅವನಿಗೇ ಬರುತ್ತದೆ. ಮಗಳು ಸೊಂಟದ ಪ್ಯಾಂಟನ್ನೇ ಇಷ್ಟಪಟ್ಟಳು. ಬೀಳುವುದು ಕಡಿಮೆಯಾದ ಮೇಲೆ ಅದೂ ನಡೆಯುತ್ತದೆ, ಜಾಕೆಟ್ಟಿನ ಒಳಗೆ ಸೊಂಟದ ಸುತ್ತ ಬರುವ ಎಲಾಸ್ಟಿಕ್ ಪಟ್ಟಿ ಇದ್ದರೆ ಸಾಕು. ಕಾಲಿನ ತುದಿಯಲ್ಲಿ ಬೂಟಿನ ಮೇಲೆ ಬಿಗಿಯಾಗಿ ಕೂರುವ ಒಳಪಟ್ಟಿ ಮಾತ್ರ ಯಾವ ಬಗೆಯಲ್ಲೂ ಇರಲೇಬೇಕು.

ಲೇಬಲ್ ಮೇಲೆ 5,000, 10,000, 20,000 ಮಿಲಿಮೀಟರ್ ಅಂತ ಬರೆದಿರುತ್ತಾರೆ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ ಅದು. ಒಣ ಹಿಮದಲ್ಲಿ 5,000 ಸಾಲಬಹುದು. ಆದರೆ ಮಕ್ಕಳು ಹಿಮದ ಮೇಲೆ ಕೂರುತ್ತಾರೆ, ಮಂಡಿಯೂರುತ್ತಾರೆ, ಅಲ್ಲಿ ಒತ್ತಡ ಹೆಚ್ಚು. ಪ್ಯಾಂಟಿಗೆ 10,000ಕ್ಕಿಂತ ಕಡಿಮೆಯದನ್ನು ನಾನು ತರುವುದಿಲ್ಲ. ಜಾಕೆಟ್ಟಿನಲ್ಲಿ ಸ್ವಲ್ಪ ಚೌಕಾಸಿ ಮಾಡಬಹುದು.

ಒಳಗಿನ ಪದರ: ಉಣ್ಣೆ, ಪಾಲಿಯೆಸ್ಟರ್, ಹತ್ತಿ

ಹತ್ತಿಯನ್ನು ಪಂದ್ಯಕ್ಕೇ ಸೇರಿಸುವುದಿಲ್ಲ. ಅದು ಬೆವರು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ನಿಂತ ತಕ್ಷಣ ಮೈ ಕೊರೆಯುತ್ತದೆ. ಮಕ್ಕಳು ದಿನಾ ಹಾಕುವ ಬನಿಯನ್ ಕೂಡ ಒಳಗೆ ಬೇಡ.

ಮೆರಿನೋ ಉಣ್ಣೆ ಒದ್ದೆಯಾದರೂ ಒಂದಷ್ಟು ಬೆಚ್ಚಗಿರುತ್ತದೆ, ದಿನಗಟ್ಟಲೆ ಹಾಕಿದರೂ ವಾಸನೆ ಬರುವುದು ಕಡಿಮೆ. ಹಾಗಾಗಿ ಬ್ಯಾಗಿನಲ್ಲಿ ಕಡಿಮೆ ಜೋಡಿ ಸಾಕು. ಆದರೆ ನಿಧಾನಕ್ಕೆ ಒಣಗುತ್ತದೆ, ಬೇಗ ತೂತು ಬೀಳುತ್ತದೆ, ಮಕ್ಕಳು ಒಂದೇ ಚಳಿಗಾಲದಲ್ಲಿ ಅದರಿಂದ ಹೊರಗೆ ಬೆಳೆದುಬಿಡುತ್ತಾರೆ. ಪಾಲಿಯೆಸ್ಟರ್ ಥರ್ಮಲ್ ಅಗ್ಗ, ರಾತ್ರಿ ಸಿಂಕಿನಲ್ಲಿ ಹಿಂಡಿ ಹಾಕಿದರೆ ಬೆಳಿಗ್ಗೆ ರೆಡಿ. ವಾಸನೆ ಮಾತ್ರ ಒಂದೇ ದಿನಕ್ಕೆ ಗೊತ್ತಾಗುತ್ತದೆ.

ತೊಳೆದು ಒಣಗಿಸಲು ಜಾಗವಿರುವ ಕಡೆ ಉಳಿಯುವುದಾದರೆ ಮಕ್ಕಳಿಗೆ ಪಾಲಿಯೆಸ್ಟರ್ ಎರಡು ಜೋಡಿ. ನನಗೆ ಉಣ್ಣೆ. ಮಗನ ಚರ್ಮ ಸೂಕ್ಷ್ಮ, ಉಣ್ಣೆ ಚುಚ್ಚುತ್ತದೆ ಅಂತ ಅವನು ಮೊದಲ ದಿನವೇ ತಕರಾರು ತೆಗೆದಿದ್ದ.

ಮಧ್ಯದ ಪದರಕ್ಕೆ ಫ್ಲೀಸ್, ಅಂದರೆ ಮೆತ್ತನೆ ರೋಮದಂಥ ಪಾಲಿಯೆಸ್ಟರ್ ಬಟ್ಟೆ. ಡೌನ್ ಜಾಕೆಟ್ ಹಗುರ, ಅಂಗೈಯಷ್ಟಕ್ಕೆ ಮಡಚಬಹುದು, ಆದರೆ ಒಳಗಿನ ಪುಕ್ಕ ಒದ್ದೆಯಾದರೆ ಮುದ್ದೆಯಾಗಿ ಬಿಸಿ ಹಿಡಿಯುವುದನ್ನೇ ಬಿಡುತ್ತದೆ. ಬೆವರುವ, ಹಿಮದಲ್ಲಿ ಹೊರಳುವ ಮಕ್ಕಳಿಗೆ ಅದು ಹೇಳಿಸಿದ್ದಲ್ಲ. ಒಂದು ಮಾತು: ಕಾರಿನಲ್ಲಿ ಹೋಗುವಾಗ ಉಬ್ಬಿದ ಜಾಕೆಟ್ ಹಾಕಿಸಿ ಮಕ್ಕಳ ಸೀಟಿನ ಬೆಲ್ಟ್ ಬಿಗಿಯಬೇಡಿ. ಅಪಘಾತವಾದರೆ ಆ ಉಬ್ಬು ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಪ್ರಯಾಣಕ್ಕೆ ಫ್ಲೀಸ್ ಸಾಕು, ಜಾಕೆಟ್ಟನ್ನು ಬೆಲ್ಟಿನ ಮೇಲೆ ಹೊದಿಸಿ.

ಕಾಲುಚೀಲ

ಎರಡು ದಪ್ಪ ಜೋಡಿ ಒಂದರ ಮೇಲೊಂದೋ, ತೆಳ್ಳಗಿನ ಒಂದೋ? ಒಂದೇ. ಎರಡು ಹಾಕಿದರೆ ಬೂಟಿನೊಳಗೆ ಮಡಿಕೆ ಬಿದ್ದು ಗುಳ್ಳೆ ಏಳುತ್ತದೆ. ಬಿಗಿತಕ್ಕೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಮಂಡಿಯ ಕೆಳಗಿನವರೆಗೆ ಬರುವ ಸ್ಕೀ ಕಾಲುಚೀಲ, ಥರ್ಮಲ್ ಪ್ಯಾಂಟಿನ ತುದಿ ಅದರೊಳಗೆ ಹೋಗದಂತೆ. ಇದರಲ್ಲಿ ಯೋಚಿಸುವುದಕ್ಕೆ ಬೇರೇನೂ ಇಲ್ಲ.

ಗಾಗಲ್ಸೋ, ಕೂಲಿಂಗ್ ಗ್ಲಾಸೋ

ಗಾಗಲ್ಸ್ ಅಂದರೆ ಇಲ್ಲಿ ಕಣ್ಣಿನ ಸುತ್ತ ಮುಖಕ್ಕೆ ಅಂಟಿ ಕೂರುವ ಸ್ಕೀ ಕನ್ನಡಕ. ಬಿಸಿಲಿದ್ದಾಗ ಕೂಲಿಂಗ್ ಗ್ಲಾಸ್ ಸಾಕು ಅನ್ನಿಸುತ್ತದೆ. ನೆಲದ ಮೇಲೆ ನಿಂತಿದ್ದರೆ ಸಾಕು. ಆದರೆ ಎತ್ತರ ಪ್ರತಿ 1,000 ಮೀಟರ್ ಹೆಚ್ಚಾದಾಗ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹೊಸದಾಗಿ ಬಿದ್ದ ಹಿಮ ಆ ಕಿರಣಗಳಲ್ಲಿ ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಅಂದರೆ ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಪಕ್ಕದಿಂದಲೂ ಬೆಳಕು ಬರುತ್ತದೆ. ಕೂಲಿಂಗ್ ಗ್ಲಾಸಿನ ಪಕ್ಕಗಳು ತೆರೆದೇ ಇರುತ್ತವೆ. ಬಿದ್ದಾಗ ಹಾರಿಹೋಗುವುದು ಬೇರೆ. ಜಾರುವಾಗ ಗಾಗಲ್ಸ್, ಊಟದ ಹೊತ್ತಿಗೆ ಕೂಲಿಂಗ್ ಗ್ಲಾಸ್. ಎರಡೂ ಬ್ಯಾಗಿಗೆ ಹೋಗಲಿ.

ಗಾಗಲ್ಸ್‌ನಲ್ಲಿ ಒಂಟಿ ಗಾಜಿನದು ಅಗ್ಗ, ಜೋಡಿ ಗಾಜಿನದು ಸ್ವಲ್ಪ ಜಾಸ್ತಿ. ಒಂಟಿ ಗಾಜು ಮಗನ ಉಸಿರಿಗೇ ಮಬ್ಬಾಗುತ್ತಿತ್ತು. ಅವನು ಒಳಗೆ ಬೆರಳು ಹಾಕಿ ಒರೆಸುತ್ತಿದ್ದ, ಅದರಿಂದ ಒಳಗಿನ ಲೇಪ ಹೋಗಿ ಇನ್ನಷ್ಟು ಮಬ್ಬು. ಜೋಡಿ ಗಾಜಿನದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಬಣ್ಣ ನೋಡಿ ಕೊಳ್ಳುವ ಬದಲು ಅಂಕಿ ನೋಡಿ: ಎಸ್2 ಅಂದರೆ ಶೇ. 18ರಿಂದ 43ರಷ್ಟು ಬೆಳಕು ಒಳಗೆ ಬಿಡುತ್ತದೆ, ಎಸ್3 ಅಂದರೆ ಶೇ. 8ರಿಂದ 18. ಒಂದೇ ಜೋಡಿ ಒಯ್ಯುವುದಾದರೆ ಮೋಡಕ್ಕೂ ಬಿಸಿಲಿಗೂ ಎಸ್2 ಹೊಂದಿಕೊಳ್ಳುತ್ತದೆ. ಕನ್ನಡಕ ಹಾಕುವ ಮಕ್ಕಳಿಗೆ ಕನ್ನಡಕದ ಮೇಲೇ ಕೂರುವ ಅಗಲ ಗಾಗಲ್ಸ್ ಬೇರೆಯೇ ಸಿಗುತ್ತದೆ.

ಕುತ್ತಿಗೆಗೆ ಶಾಲು, ಮಫ್ಲರ್ ಬೇಡವೇ ಬೇಡ, ಲಿಫ್ಟಿಗೆ ಸಿಕ್ಕಿಕೊಳ್ಳಬಹುದು. ತಲೆಯಿಂದ ತೂರಿಸಿ ಹಾಕುವ ಕೊಳವೆಯಂಥ ಬಟ್ಟೆ ತನ್ನಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು. ಲೋಷನ್‌ಗಿಂತ ಕಡ್ಡಿ ರೂಪದ್ದು ಮಕ್ಕಳಿಗೆ ಸಲೀಸು, ಜೇಬಿನಲ್ಲಿಟ್ಟುಕೊಂಡು ಮೂಗು, ಕೆನ್ನೆಗೆ ಅವರೇ ಬಳಿದುಕೊಳ್ಳುತ್ತಾರೆ.

ಹೊತ್ತೊಯ್ಯುವುದೋ, ಬಾಡಿಗೆಗೋ

ಸ್ಕೀ ಮತ್ತು ಬೂಟು, ಬೆಳೆಯುವ ಮಕ್ಕಳಿಗೆ ಬಾಡಿಗೆಯೇ. ಸರಿಹೊಂದದ ಬೂಟನ್ನು ಮರುದಿನ ಬದಲಿಸಿಕೊಳ್ಳಬಹುದು ಅನ್ನುವುದೇ ಅದರ ದೊಡ್ಡ ಲಾಭ. ಹೊರಡುವ ಮುಂಚೆ ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ ಪಾದದ ಉದ್ದ ಸೆಂಟಿಮೀಟರ್‌ನಲ್ಲಿ ಅಳೆದುಕೊಳ್ಳಿ. ಸ್ಕೀ ಬೂಟಿನ ಅಳತೆಯೇ ಅದು. ಪಾದ 19 ಸೆಂಟಿಮೀಟರ್ ಇದ್ದರೆ ಬೂಟೂ ಅದರ ಆಸುಪಾಸೇ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತೆಗೆದುಕೊಂಡರೆ ಕಾಲು ಒಳಗೆ ಓಡಾಡುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಮಕ್ಕಳ ತೂಕ, ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕಲ್ಲ, ಆ ಬಿಗಿತವನ್ನು ಹೊಂದಿಸುವುದು ಈ ಲೆಕ್ಕಗಳಿಂದಲೇ.

ಹೆಲ್ಮೆಟ್ ಮಾತ್ರ ನಮ್ಮದೇ. ಬಾಡಿಗೆಯದು ಎಷ್ಟು ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಗಾಗಲ್ಸ್ ಜೊತೆ ಹೊಂದುತ್ತದಾ, ಹಣೆಯ ಮೇಲೆ ಸಂದಿ ಬಿಡುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಒಳಗೆ ಸ್ಕೀ ಹೆಲ್ಮೆಟ್ಟಿನ ಸುರಕ್ಷತಾ ಗುರುತಾದ ಇಎನ್ 1077 ಅಥವಾ ಎಎಸ್‌ಟಿಎಂ ಎಫ್2040 ಅಂತ ಇರಬೇಕು. ಸೈಕಲ್ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ. ಸ್ಕೀ ಹೆಲ್ಮೆಟ್ ಬ್ಯಾಗಿನಲ್ಲಿ ಜಾಗ ತಿನ್ನುತ್ತದೆ ನಿಜ, ಆದರೆ ಅದರ ಹೊಟ್ಟೆಯೊಳಗೆ ಮಿಟನ್, ಕಾಲುಚೀಲ, ಗಾಗಲ್ಸ್ ಎಲ್ಲ ತುಂಬಬಹುದು.

ಕೈ ಬಿಸಿ ಮಾಡುವ ಪೊಟ್ಟಣ

ಒಮ್ಮೆ ಬಳಸಿ ಎಸೆಯುವ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಗಾಳಿ ತಾಗಿದಾಗ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ, ಗಂಟೆಗಟ್ಟಲೆ. ಗಾಳಿಯಾಡದಂತೆ ಚೀಲದಲ್ಲಿ ಮುಚ್ಚಿಟ್ಟರೆ ನಿಲ್ಲುತ್ತದೆ, ಮಧ್ಯಾಹ್ನ ತೆರೆದರೆ ಮತ್ತೆ ಶುರು. ಬಿಗಿಯಾದ ಬೂಟಿನೊಳಗೆ ಅದಕ್ಕೆ ಗಾಳಿಯೂ ಇಲ್ಲ, ಜಾಗವೂ ಇಲ್ಲ, ಅಲ್ಲಿ ಹಾಕಿ ಪ್ರಯೋಜನವಿಲ್ಲ. ಚಾರ್ಜ್ ಮಾಡಿ ಕೈ ಬಿಸಿ ಮಾಡಿಕೊಳ್ಳುವ ಪುಟ್ಟ ಯಂತ್ರವನ್ನು ಮತ್ತೆ ಮತ್ತೆ ಬಳಸಬಹುದು, ಬೇಕಾದಾಗ ಆರಿಸಬಹುದು. ಆದರೆ ಭಾರ. ಮಗನ ಮಿಟನ್ನಿಗೆ ಅದು ಹಿಡಿಸಲೇ ಇಲ್ಲ. ಅವನಿಗೆ ಪೊಟ್ಟಣ, ಅದೂ ಮಿಟನ್ನಿನ ಹೊರ ಮತ್ತು ಒಳ ಪದರದ ನಡುವೆ, ಚರ್ಮಕ್ಕೆ ತಾಗದಂತೆ. ಮಗಳ ಜಾಕೆಟ್ ಜೇಬಿಗೆ ಯಂತ್ರ.

ವಿಮಾನದಲ್ಲಿ ಹೋಗುವುದಾದರೆ ಚಾರ್ಜ್ ಆಗುವ ಈ ಯಂತ್ರ ಮತ್ತು ಪವರ್ ಬ್ಯಾಂಕ್ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಅದೇ ಕೈಚೀಲಕ್ಕೆ ಪ್ರತಿ ಮಗುವಿನ ಒಂದು ಜೊತೆ ಥರ್ಮಲ್, ಕಾಲುಚೀಲ, ಗಾಗಲ್ಸ್, ಮಿಟನ್ ಕೂಡ ಹೋಗುತ್ತದೆ. ದೊಡ್ಡ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ಬಾಡಿಗೆ ಸ್ಕೀ ಮೇಲೆ ಮಕ್ಕಳು ಮೊದಲ ಪಾಠಕ್ಕೆ ಹೋಗಬಹುದು. ಜಾಕೆಟ್ ಹೇಗೂ ಮೈಮೇಲೇ ಇರುತ್ತದೆ.